ಹಾಕೋದು ಗೊತ್ತು, ತೆಗೆಯೋದು ಹೇಳಿ ಸ್ವಾಮಿ

ಈಗಷ್ಟೇ ಮತ್ತೊಂದು ವಿಡಿಯೊ ನೋಡಿದೆ, ಐಡಿಯಾ ಕೂಡಿಡೋಕೆ 15 ಆಪ್‌ಗಳಂತೆ. ಹದಿನೈದರಲ್ಲೂ ಒಳಗೆ ಹಾಕೋ ಪಾಠವೇ. ಆರು ತಿಂಗಳಾದ ಮೇಲೆ, ಅದರಲ್ಲೂ ಕನ್ನಡದಲ್ಲಿ ಬರೆದಿಟ್ಟಿದ್ದನ್ನ, ಹೊರಗೆ ತೆಗೆಯೋದು ಹೇಗೆ? ಒಂದು ಮಾತಿಲ್ಲ.

ಬಹುತೇಕ ಆಪ್‌ಗಳು ಹುಡುಕೋದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ವಿಭಕ್ತಿ ಅವಕ್ಕೆ ಗೊತ್ತಿಲ್ಲ. ನೋಟಿನಲ್ಲಿ ‘ಊರಿಗೆ’, ‘ಊರಲ್ಲಿ’ ಅಂತಿದ್ದು ನೀವು ‘ಊರು’ ಅಂತ ಹುಡುಕಿದ್ರೆ ಸೊನ್ನೆ. ಕೊನೆಯ ಉಕಾರ ಬಿಟ್ಟು ‘ಊರ’ ಅಂತ ಹೊಡೀರಿ, ಅಬ್ಸಿಡಿಯನ್ ಅನ್ನೋ ನೋಟು ಬರೆಯೋ ಆಪ್‌ನಂಥದ್ರಲ್ಲಿ ಮೂರೂ ಸಿಗ್ತವೆ. ‘ಫೇಸ್‌ಬುಕ್’ ಇನ್ನೂ ತಮಾಷೆ. ಬ ಒತ್ತಕ್ಷರವಾಗಿ ಕೆಳಗೆ ಇಳಿಯದ ಹಾಗೆ ಸ್ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರತ್ತೆ. ಒಂದು ಕೀಬೋರ್ಡ್ ಅದನ್ನ ಹಾಕತ್ತೆ, ಇನ್ನೊಂದು ಹಾಕಲ್ಲ. ಎಷ್ಟೋ ಆಪ್‌ಗಳಿಗೆ ಅವೆರಡೂ ಬೇರೆ ಬೇರೆ ಪದ. ‘ಫೇಸ’ ಅಂತಷ್ಟೇ ಹುಡುಕಿ. ಹಳೇ ನುಡಿ ಫಾಂಟಿನ ಪಿಡಿಎಫ್‌ನಿಂದ ಕಾಪಿ ಮಾಡಿದ್ದಂತೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ಗೆ, ಅಂದ್ರೆ ಆಪ್‌ಗಳು ಓದೋ ಈಗಿನ ಅಕ್ಷರ ಸಂಕೇತಕ್ಕೆ, ಬದಲಾಯಿಸದೆ ಇಟ್ರೆ ಕಸ ಇಟ್ಟ ಹಾಗೆ.

‘ಟ್ಯಾಗ್ ಹಾಕಿದ್ರೆ ಮುಗೀತು’ ಅಂತೀರಿ. ಸೋಮವಾರ ‘ಕಥೆ’, ಗುರುವಾರ ‘ಕತೆ’, ಹುಮ್ಮಸ್ಸು ಬಂದ ದಿನ ‘ಕಥೆಗಳು’. ಮೂರು ಟ್ಯಾಗು, ಮೂರು ಗುಡ್ಡೆ. ಬಣ್ಣಬಣ್ಣದ ಲೇಬಲ್ ಕಂಡ್ರೆ ನನಗೂ ಕೈ ತುರಿಸತ್ತೆ, ಸುಳ್ಳು ಹೇಳಲ್ಲ. ಆದ್ರೂ ಏಳೆಂಟಕ್ಕಿಂತ ಹೆಚ್ಚು ಬೇಡ. ಕಾಗುಣಿತ ಮೊದಲ ನೋಟಿನಲ್ಲೇ ಬರೆದಿಟ್ಟುಕೊಳ್ಳಿ.

ಟ್ಯಾಗಿಗಿಂತ ಕೆಲಸಕ್ಕೆ ಬರೋದು ಒಂದು ಸಾಲು. ಚಿತ್ರ ಕೂಡಿಡೋ ಪಿಂಟರೆಸ್ಟ್‌ನಲ್ಲಿ ಹಳೇ ಬಾಗಿಲಿನ ಚಿತ್ರ ಪಿನ್ ಮಾಡಿದ್ರಿ. ಬೇಕಿದ್ದದ್ದು ಚಿಲಕವೋ, ಬಣ್ಣವೋ, ಹೊಸ್ತಿಲ ಮೇಲಿನ ನೆರಳೋ? ಆವಾಗಲೇ ‘ಚಿಲಕದ ತುಕ್ಕು, ಎರಡನೇ ದೃಶ್ಯಕ್ಕೆ’ ಅಂತ ಬರೀರಿ. ಮೂಲ ಪುಟ ಅಳಿಸಿಹೋದ್ರೂ ಚಿತ್ರ ಉಳಿದಿರತ್ತೆ, ಲಿಂಕ್ ಸತ್ತಿರತ್ತೆ, ಈ ಸಾಲೇ ಗತಿ.

ಇನ್ನು ಪೂರ್ತಿ ಹೊರಗೆ ತೆಗೆಯೋದು. ಆಮೇಲೆ ಓದೋಕೆ ಲೇಖನ ಕೂಡಿಡೋ ಆಪ್, ಮೊಜಿಲ್ಲಾದ ಪಾಕೆಟ್, 2025ರ ಜುಲೈ 8ಕ್ಕೆ ಬಾಗಿಲು ಹಾಕ್ತು. ಎಕ್ಸ್‌ಪೋರ್ಟ್ ಮಾಡಿದವರ ಕೈಗೆ ಬಂದದ್ದು ಲಿಂಕುಗಳ ಪಟ್ಟಿ, ಲೇಖನಗಳ ಪಠ್ಯವಲ್ಲ. ನೋಟು ಬರೆಯೋ ಆಪ್ ಎವರ್‌ನೋಟ್ 2023ರ ಕೊನೆಗೆ ಉಚಿತ ಖಾತೆಯನ್ನ 50 ನೋಟು, ಒಂದು ನೋಟ್‌ಬುಕ್ಕಿಗೆ ಇಳಿಸ್ತು. ಇದ್ಯಾವುದೂ ಆ ಹದಿನೈದರ ಪಟ್ಟಿಯಲ್ಲಿ ಬರಲ್ಲ, ಹಾಕೋದಷ್ಟೇ ಅಲ್ವಾ ಅಲ್ಲಿ!

ಅಬ್ಸಿಡಿಯನ್ ಆದ್ರೆ ನೋಟುಗಳು ನಿಮ್ಮ ಕಂಪ್ಯೂಟರಿನಲ್ಲೇ ಸಾದಾ ಪಠ್ಯದ ಫೈಲುಗಳು, ಚಿಂತೆ ಕಮ್ಮಿ. ಗೂಗಲ್‌ನ ನೋಟಿನ ಆಪ್ ಕೀಪ್ ಆದ್ರೆ, ನಿಮ್ಮ ಡೇಟಾ ಇಳಿಸಿಕೊಳ್ಳೋ ಗೂಗಲ್ ಪುಟ ಟೇಕ್‌ಔಟ್‌ಗೆ ಹೋಗಿ, ಎಲ್ಲಾ ಟಿಕ್ ತೆಗೆದು ಕೀಪ್ ಒಂದನ್ನೇ ಆರಿಸಿ. ಜಿಪ್ ಬರತ್ತೆ, ಒಳಗೆ ಎಚ್‌ಟಿಎಂಎಲ್ ಫೈಲುಗಳು. ಇಳಿಸ್ಕೊಂಡು ಸುಮ್ಮನಿರಬೇಡಿ, ಒಂದನ್ನ ತೆರೆದು ಒತ್ತಕ್ಷರ ಸರಿ ಕೂತಿದೆಯಾ ನೋಡಿ.