ಇಕ್ಕೇರಿ ಕಂಬದಿಂದ ಆಲೆಮನೆಗೆ ಒಂದು ಸೈಕಲ್ ದಾರಿ

ನಾನು ಶಿವಮೊಗ್ಗ ಜಿಲ್ಲೆಯ ಸಾಗರದವನು. ಹನ್ನೊಂದು ವರ್ಷದಿಂದ ಆಸ್ಟ್ರಿಯಾದ ವಿಯೆನ್ನಾದಲ್ಲಿದ್ದೇನೆ. ಬೇಸಿಗೆ ಬಂತೆಂದರೆ ಸೈಕಲ್ ಸಮೇತ ರೈಲು ಹತ್ತಿ ಮೆಲ್ಕ್ ಎಂಬ ಊರಿಗೆ ಹೋಗುತ್ತೇನೆ. ಅಲ್ಲಿಂದ ಡ್ಯಾನ್ಯೂಬ್ ನದಿಯ ದಂಡೆಗುಂಟ ಕ್ರೆಮ್ಸ್ ಊರಿನವರೆಗೆ ಸುಮಾರು 35 ಕಿಲೋಮೀಟರ್ ತುಳಿಯುವುದು. ಈ ಕಣಿವೆಗೆ ವಾಖೌ ಅಂತ ಹೆಸರು. 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ.

ಈ ಸಲ ಜನವರಿಯಲ್ಲಿ ಊರಿಗೆ ಬಂದಾಗ ದೊಡ್ಡಪ್ಪನ ಮಗನ ಹಳೇ ಸೈಕಲ್ ತಗೊಂಡು ಇಕ್ಕೇರಿ, ಕೆಳದಿ, ಹೆಗ್ಗೋಡು ಅಂತ ಮೂರು ದಿನ ತಿರುಗಿದೆ. ಮೂರೂ ಸಾಗರಕ್ಕೆ ಹತ್ತಿರದಲ್ಲೇ ಇವೆ. ಅಲ್ಲಿರುವಂಥದ್ದೇ ದಾರಿ ಇಲ್ಲೂ ಇದೆ, ಅದನ್ನು ಯಾರೂ ಪೋಣಿಸಿಲ್ಲ ಅಷ್ಟೆ ಅಂತ ಆಗ ಬಲವಾಗಿ ಅನ್ನಿಸಿತು.

ವಾಖೌ ದಾರಿಯಲ್ಲಿ ಏನೇನಿದೆ ಹೇಳುತ್ತೇನೆ. ಶುರುವಿನಲ್ಲೇ ಬಂಡೆಯ ಮೇಲೆ ಮೆಲ್ಕ್‌ನ ದೊಡ್ಡ ಮಠ. ಮುಂದೆ ವಿಲೆಂಡಾರ್ಫ್. 1908ರಲ್ಲಿ ಅಲ್ಲಿ ಬರೀ 11 ಸೆಂಟಿಮೀಟರ್ ಎತ್ತರದ ಶಿಲಾಯುಗದ ಹೆಣ್ಣಿನ ಮೂರ್ತಿ ಸಿಕ್ಕಿತ್ತು. ಆಮೇಲೆ ಡ್ಯೂರ್ನ್‌ಸ್ಟೈನ್ ಕೋಟೆ. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರ ಕೊನೆಯಲ್ಲಿ ಹಿಡಿದು ತಂದು ಕೂಡಿಹಾಕಿದ್ದು ಅಲ್ಲೇ. ಗುಡ್ಡದ ತುಂಬಾ ದ್ರಾಕ್ಷಿ ತೋಟ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ನಮ್ಮ ಪಾಗಾರದ ಹಾಗೆ ಕಟ್ಟಿದ ಮೆಟ್ಟಿಲು ಮೆಟ್ಟಿಲು ತೋಟ. ನದಿ ದಾಟಲು ಒಂದು ದೋಣಿ ಇದೆ. ಅದಕ್ಕೆ ಎಂಜಿನ್ ಇಲ್ಲ. ಮೇಲೆ ತಂತಿ ಕಟ್ಟಿದ್ದಾರೆ, ಹೊಳೆಯ ಸೆಳೆತವೇ ದೋಣಿಯನ್ನು ಆಚೆ ದಡಕ್ಕೆ ಒಯ್ಯುತ್ತದೆ. ಅದರಲ್ಲಿ ನಿಂತಾಗಲೆಲ್ಲ ನನಗೆ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ನೆನಪಾಗುತ್ತದೆ.

ಇಷ್ಟೆಲ್ಲ ಇದ್ದರೂ ನನಗೆ ಜಾಸ್ತಿ ಹಿಡಿಸಿದ್ದು ರೈತರ ಮನೆ. ತಮ್ಮ ತೋಟದ ವೈನನ್ನು ತಮ್ಮ ಅಂಗಳದಲ್ಲೇ ಮಾರುವ ಮನೆಗೆ ಅಲ್ಲಿ ಹೊಯ್ರಿಗರ್ ಅನ್ನುತ್ತಾರೆ. 1784ರಲ್ಲಿ ಎರಡನೆಯ ಜೋಸೆಫ್ ದೊರೆ ರೈತರಿಗೆ ಹೀಗೆ ಮಾರುವ ಹಕ್ಕು ಕೊಟ್ಟ. ವರ್ಷವಿಡೀ ತೆರೆದಿರುವುದಿಲ್ಲ. ಈ ವಾರ ಇವರ ಮನೆ, ಮುಂದಿನ ವಾರ ಪಕ್ಕದವರದು. ತೆರೆದಿದೆ ಅನ್ನುವುದಕ್ಕೆ ಬಾಗಿಲ ಮುಂದೆ ಕೋಲಿಗೆ ಹಸಿರು ಸೊಪ್ಪಿನ ಕಟ್ಟು ನೇತುಹಾಕಿರುತ್ತಾರೆ. ಸೈಕಲ್ ಗೋಡೆಗೆ ಒರಗಿಸಿ, ಮರದ ಬೆಂಚಿನ ಮೇಲೆ ಕೂತರೆ ಮನೆಯವರೇ ಬ್ರೆಡ್ಡು, ಚೀಸು ತಂದಿಡುತ್ತಾರೆ. ನಾನು ಬರೀ ದ್ರಾಕ್ಷಿ ರಸ ಕುಡಿಯುತ್ತೇನೆ, ಮತ್ತೆ ತುಳಿಯಬೇಕಲ್ವಾ.

ಈಗ ನಮ್ಮ ಕಡೆಗೆ ಬರೋಣ.

ಇಕ್ಕೇರಿಯ ಅಘೋರೇಶ್ವರ ಗುಡಿಗೆ ಚಿಕ್ಕಂದಿನಿಂದ ಹೋಗಿದ್ದೇನೆ. ಕೆಳದಿ ಅರಸರು ಕಟ್ಟಿಸಿದ್ದು, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದಿದ್ದ ಅಂತೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಕಂಬದ ವಿಷಯ. ಗುಡಿಯ ನಡುವಣ ಕಂಬಗಳ ಅಂತರವೇ ಆಗಿನ ಕಾಲದಲ್ಲಿ ತೋಟದ ಅಳತೆಗೋಲಾಗಿತ್ತು ಅಂತ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ. 18 ಅಡಿ 6 ಅಂಗುಲ. ಅಷ್ಟು ಉದ್ದದ ಕೋಲಿನ ಜಾಗಕ್ಕೆ ‘ದಾಯ’ ಅಂತ ಹೆಸರು, ಅದರಲ್ಲಿ ನಾಲ್ಕು ಅಡಿಕೆ ಮರ. ಸಾವಿರ ದಾಯಕ್ಕೆ ಇಷ್ಟು ಅಂತ ಕಂದಾಯ.

ಈ ಸಲ ಆ ಕಂಬಗಳ ನಡುವೆ ಹೋಗಿ ನಿಂತೆ. ಬರಿಗಾಲಿಗೆ ಕಲ್ಲು ತಣ್ಣಗಿತ್ತು. ಒಂದು ಕಂಬದಿಂದ ಇನ್ನೊಂದಕ್ಕೆ ನಿಧಾನ ಹೆಜ್ಜೆ ಹಾಕಿ ಎಣಿಸಿದೆ. ಏಳು ಹೆಜ್ಜೆ. ಹೊರಗೆ ಬಂದು ಸೈಕಲ್ ಹತ್ತಿ ಮುಂದೆ ಹೋದರೆ ದಾರಿಯ ಕೆಳಗೆ ಅಡಿಕೆ ತೋಟ. ಇಳಿದು ಅಲ್ಲೂ ಏಳು ಹೆಜ್ಜೆ ಹಾಕಿದೆ. ಮೈ ಜುಮ್ಮೆಂದಿತು. ನಮ್ಮಜ್ಜನ ತೋಟವೂ ಇದೇ ಕಂಬದ ಅಳತೆಯಲ್ಲಿ ಎದ್ದಿದ್ದಿರಬಹುದು. ಗುಡಿ ಬೇರೆ, ತೋಟ ಬೇರೆ ಅಂತ ನಾವು ನೋಡುತ್ತೇವೆ. ಅವೆರಡನ್ನೂ ಒಂದೇ ಕೋಲಿನಿಂದ ಅಳೆದ ಊರು ಇದು. ಈ ಮಾತನ್ನು ಹೇಳುವ ಒಂದು ಬೋರ್ಡು ನನಗೆ ಆ ದಾರಿಯಲ್ಲಿ ಕಾಣಲಿಲ್ಲ.

ಬರುವವರೆಲ್ಲ ಕಾರಿನಲ್ಲಿ ಜೋಗಕ್ಕೆ ಹೋಗಿ, ಫೋಟೊ ತೆಗೆದು, ಸಂಜೆಗೆ ವಾಪಸ್ ಹೊರಡುತ್ತಾರೆ. ಮಳೆಗಾಲದಲ್ಲಿ ಸರಿ. ಜನವರಿಯಲ್ಲಿ ಜೋಗದಲ್ಲಿ ನೀರು ಕಮ್ಮಿ. ಆದರೆ ಆಲೆಮನೆ ಶುರುವಾಗುವುದೇ ಆಗ! ಬಿಸಿಲು ಹಿತವಾಗಿರುತ್ತದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಬೆಳಿಗ್ಗೆ ಗದ್ದೆ ಮೇಲೆ ಇಬ್ಬನಿ. ಸೈಕಲ್ ತುಳಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ದೊಡ್ಡಪ್ಪನ ಮನೆಯಲ್ಲಿ ಈಗಲೂ ವರ್ಷಕ್ಕೊಮ್ಮೆ ಆಲೆಮನೆ ಹಾಕುತ್ತಾರೆ. ನಾನು ಹೋದ ಸಂಜೆ ಕೊಪ್ಪರಿಗೆ ಕುದಿಯುತ್ತಿತ್ತು. ದೊಡ್ಡಮ್ಮ ಪಕ್ಕದ ಒಲೆಯಲ್ಲಿ ತೊಡದೇವು ಮಾಡುತ್ತಿದ್ದರು. ಬೋರಲು ಹಾಕಿದ ಮಡಕೆ, ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಅಕ್ಕಿ ಹಿಟ್ಟಿಗೆ ಬಟ್ಟೆ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಸಲ ಎಳೆಯುತ್ತಾರೆ. ಚುರ್ ಅನ್ನುತ್ತದೆ. ಅಂಚು ಏಳುವಷ್ಟರಲ್ಲಿ ಬಿಡಿಸಿ ಮಡಚಬೇಕು, ತಡವಾದರೆ ಮುರಿಯುತ್ತದೆ. ಕಾಗದದಷ್ಟು ತೆಳ್ಳಗೆ, ಬಾಯಿಗಿಟ್ಟರೆ ಕರಗುತ್ತದೆ.

ಇದೇ ನಮ್ಮ ಹೊಯ್ರಿಗರ್ ಅಲ್ವಾ ಅಂದೆ. ಸೈಕಲ್‌ನಲ್ಲಿ ಬಂದವರಿಗೆ ಒಂದು ಲೋಟ ಕಬ್ಬಿನ ಹಾಲು, ನಾಲ್ಕು ತೊಡದೇವು ಕೊಡಿ, ದುಡ್ಡು ತಗೊಳ್ಳಿ, ಜೋನಿಬೆಲ್ಲ ಮಾರಿ ಅಂದೆ.

ದೊಡ್ಡಪ್ಪ ಒಪ್ಪಲಿಲ್ಲ. “ಮನೆಗೆ ಬಂದವರಿಗೆ ಕಬ್ಬಿನ ಹಾಲು ಕೊಟ್ಟು ದುಡ್ಡು ಇಸ್ಕೊಳ್ಳೋದಾ? ಊರಿನವರು ಏನಂತಾರೆ ಮಾರಾಯ?”

ಅವರ ಮಾತು ನನಗೆ ಅರ್ಥವಾಗುತ್ತದೆ. ಆ ಮೂರು ದಿನದಲ್ಲಿ ದಾರಿ ಕೇಳಲು ನಿಂತ ಪ್ರತಿ ಮನೆಯಲ್ಲೂ “ಆಸರಿಗೆ ಏನು ಬೇಕು?” ಅಂತ ಕೇಳಿದ್ದರು. ಬೆಲ್ಲ ನೀರು, ಮುರುಗಲ ಪಾನಕ, ಮಜ್ಜಿಗೆ. ವಾಖೌನಲ್ಲಿ ಇದು ನನಗೆ ಸಿಕ್ಕಿಲ್ಲ, ಈ ವಿಷಯದಲ್ಲಿ ನಾವು ಮೇಲು. ಇದು ಹೋಗಬಾರದು. ಆದರೆ ಕಬ್ಬು ಕಡಿದು, ಗಾಣಕ್ಕೆ ಕೊಟ್ಟು, ರಾತ್ರಿಯಿಡೀ ಕೊಪ್ಪರಿಗೆ ಕಾಯುವ ಕೆಲಸಕ್ಕೆ ಬೆಲೆ ಇದೆ. ನೆಂಟರು ನೆಂಟರೇ, ಗಿರಾಕಿ ಗಿರಾಕಿಯೇ. ಎರಡಕ್ಕೂ ಅಂಗಳದಲ್ಲಿ ಜಾಗ ಇದೆ. ಸುಮ್ನೆ ಹಂಚುತ್ತಾ ಹೋಗಿ, ಕೊನೆಗೆ ಗಿಟ್ಟುವುದಿಲ್ಲ ಅಂತ ಕಬ್ಬು ಹಾಕುವುದನ್ನೇ ಬಿಟ್ಟ ಮನೆಗಳು ನಮ್ಮ ಊರಲ್ಲೇ ಇವೆ. ಹಾಗಾದರೆ ತೊಡದೇವು ಮಾಡುವ ಕೈಯೂ ನಿಂತುಹೋಗುತ್ತದೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ರಸ್ತೆ ಆಗಲೇ ಇದೆ. ತಾಳಗುಪ್ಪದವರೆಗೆ ರೈಲೂ ಇದೆ, ಅದರಲ್ಲಿ ಸೈಕಲ್ಲನ್ನು ಸುಲಭವಾಗಿ ಒಯ್ಯುವಂತಾಗಬೇಕು. ತಿರುವಿಗೊಂದು ಸಣ್ಣ ಬೋರ್ಡು ಬೇಕು. ನಾನು ಕೆಳದಿಯಿಂದ ಬರುವಾಗ ಬೋರ್ಡಿಲ್ಲದ ಕವಲಿನಲ್ಲಿ ತಪ್ಪಿ, ಒಬ್ಬರ ತೋಟದ ಕೊನೆಗೆ ಹೋಗಿ ಮುಟ್ಟಿದ್ದೆ. ಏರು ಜಾಸ್ತಿ, ನಿಜ. ವಾಖೌನಷ್ಟು ಸಪಾಟು ದಾರಿ ಇಲ್ಲಿಲ್ಲ. ಅದಕ್ಕೇ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸಾಕು. ನಾಟಕ ಇದ್ದ ದಿನವಾದರೆ ಹೆಗ್ಗೋಡಿನ ನೀನಾಸಂನಲ್ಲಿ ಸಂಜೆ ಕಳೆಯಬಹುದು. 1949ರಿಂದ ನಡೆದುಬಂದ ಸಂಸ್ಥೆ ಅದು, ಹಳ್ಳಿಯಲ್ಲೇ.

ಮೊನ್ನೆ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. “ಅಪ್ಪ ಒಂದು ವಾರಕ್ಕೆ ಒಪ್ಪಿದಾರೆ. ಆದ್ರೆ ದುಡ್ಡಿನ ಡಬ್ಬಿ ನಂಗೆ ಕಾಣೋ ಕಡೆ ಇಡಬೇಡಿ ಅಂದಿದಾರೆ.” ಬರುವ ಜನವರಿಗೆ ಟಿಕೆಟ್ ಮಾಡಿಸಿದ್ದೇನೆ. ಆಲೆಮನೆ ನಡೆಯುವಷ್ಟು ದಿನ ರಸ್ತೆ ಕಡೆಯ ದಣಪೆಗೆ ಎರಡು ಕಬ್ಬಿನ ಜಲ್ಲೆ ಕಟ್ಟಿರುತ್ತೇವೆ.