ಟ್ಯಾಲಿಗೆ ಎರಡು ತಿಂಗಳು, ಮನಸ್ಸಿಗೆ ಮೂರು ದಿನ

ನಿನ್ನೆ ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಬಿಸಿಲು ಇಳಿದ ಮೇಲೆ ಎರಡು ಮಿರ್ಚಿ ತಿನ್ನೋ ಆಸೆ. ನನ್ನ ಬಿಪಿ ಗೊತ್ತಿರೋರು ದಯವಿಟ್ಟು ಸುಮ್ನಿರಿ. ಬಂಡಿ ಹಿಂದೆ ಒಂದು ಕೋಚಿಂಗ್ ಸೆಂಟರಿನ ಬ್ಯಾನರ್ ಇತ್ತು. ಸ್ಪೋಕನ್ ಇಂಗ್ಲಿಷ್, ಮೂರು ತಿಂಗಳು. ಟ್ಯಾಲಿ, ಎರಡು ತಿಂಗಳು. ಸೈಕಾಲಜಿಸ್ಟ್, ಮೂರು ದಿನ! ಸರ್ಟಿಫಿಕೇಟ್ ಗ್ಯಾರಂಟಿ. ಮಿರ್ಚಿ ಗಂಟಲಲ್ಲೇ ನಿಂತಿತು.

ಮೂರು ದಿನ. ಅದರಲ್ಲಿ ಊಟ, ಚಹಾ, ಉದ್ಘಾಟನೆ, ಶಾಲು ಹೊದಿಸೋದು ಎಲ್ಲಾ ಸೇರಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋರು ಏನೇನು ಮಾಡಬೇಕು ಗೊತ್ತಾ? ಸೈಕಾಲಜಿಯಲ್ಲಿ ಎಂಎ ಮುಗಿಸಿ, ಮೇಲೆ ಎರಡು ವರ್ಷದ ಎಂಫಿಲ್. ಲೈಬ್ರರಿಯಲ್ಲಿ ಕೂತು ಮುಗಿಸೋ ಎಂಫಿಲ್ ಅಲ್ಲ ಅದು. ಓಪಿಡಿಯಲ್ಲಿ, ವಾರ್ಡಿನಲ್ಲಿ ರೋಗಿಯ ಎದುರು ಕೂತು ಕೇಳಬೇಕು. ಬರೆದುಕೊಂಡಿದ್ದನ್ನು ಹಿರಿಯರ ಮುಂದೆ ಇಟ್ಟು ಬೈಸಿಕೊಳ್ಳಬೇಕು, ಮತ್ತೆ ಹೋಗಿ ಕೇಳಬೇಕು. ದೇಶದಲ್ಲಿ ಈ ತರಬೇತಿ ಶುರುವಾಗಿದ್ದೇ ನಮ್ಮ ಬೆಂಗಳೂರಿನಲ್ಲಿ, 1955ರಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ. ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿಗೆ ಕೊಟ್ಟಿರಬೇಕು. ಪಾಸಾದವರು ಅಲ್ಲಿ ನೋಂದಣಿ ಮಾಡಿಸಿ ನಂಬರ್ ತಗೊಳ್ಳಬೇಕು. (ಈಗ ಯುಜಿಸಿ ಎಂಫಿಲ್ಲನ್ನೇ ಕೈಬಿಟ್ಟು ಈ ದಾರಿಯೂ ಬದಲಾಗುತ್ತಿದೆ. ಅದು ಬೇರೆಯೇ ರಗಳೆ.)

ಕಾನೂನು ಇಲ್ಲವಾ? ಇದೆ. 1992ರ ಆರ್‌ಸಿಐ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ! ಒಂದು ಸಿಟ್ಟಿಂಗಿನ ಫೀಸು. ಅದೂ ಬೇಡ ಅಂದ್ರೆ ಬೋರ್ಡಿನಿಂದ 'ಕ್ಲಿನಿಕಲ್' ಅನ್ನೋದನ್ನ ಅಳಿಸಿದರಾಯಿತು. ಬರೀ ಸೈಕಾಲಜಿಸ್ಟ್, ಕೌನ್ಸೆಲರ್, ಮೈಂಡ್ ಕೋಚ್. ಯಾರು ಕೇಳ್ತಾರೆ? ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗೋ ಕಾಟಾಕ್ಕೂ ಸರ್ಕಾರಿ ಮುದ್ರೆ ಬೇಕು. ಇವರಿಗೆ ಮಾತ್ರ ಫ್ಲೆಕ್ಸ್ ಪ್ರಿಂಟ್ ಮಾಡೋನ ಒಪ್ಪಿಗೆ ಸಾಕು.

"ಅಲ್ರಿ ಮಾಸ್ತರ, ನಮ್ ಕಡಿ ಅಂಥಾ ಮಂದಿ ಎಲ್ಲಿ ಸಿಗ್ತಾರ? ಇವರಾದ್ರೂ ಕೂತು ಕೇಳ್ತಾರಲ್ಲ" ಅಂತ ಗೆಳೆಯರೊಬ್ಬರು ವಾದ ಹೂಡಿದರು. ನಿಜ, ಜನ ಕಡಿಮೆ. ಹೈದರಾಬಾದಿಗೋ ಸೋಲಾಪುರಕ್ಕೋ ಓಡಬೇಕು. ಅದಕ್ಕೇ ಮೂರು ದಿನದವರನ್ನ ಒಪ್ಪಿಕೋ ಅಂದರೆ ಹೇಗೆ? ಬರೀ ಕೇಳೋದಾದರೆ ಗುಡಿ ಕಟ್ಟೆ ಮೇಲೆ ಕೂತು ಕೇಳಲಿ, ಬೋರ್ಡು ಯಾಕೆ, ರಸೀದಿ ಯಾಕೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡೂ ಕೇಳಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಎಂಬತ್ತರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮದೇ ಭಾಗದ ಬಳ್ಳಾರಿ. ಅಂಥ ಕಡೆ ಇವತ್ತು ನಾವು "ಇಷ್ಟಾದರೂ ಇದೆಯಲ್ಲ" ಅನ್ನುತ್ತಾ ಕೂತಿದ್ದೇವೆ.

ಇಷ್ಟು ಕೂಗಾಡೋಕೆ ನನಗೇ ಮುಖ ಇಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ.

ಲಾಕ್‌ಡೌನಿನಲ್ಲಿ ನಾನೂ ಅಂಥದ್ದೇ ಒಂದು ಆನ್‌ಲೈನ್ ಕೋರ್ಸ್ ಮಾಡಿದ್ದೆ. ಮೂರೇ ದಿನ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಇಲ್ಲೇ 'ಅಭಿನಂದನೆಗಳು ಸರ್' ಅಂದಿದ್ದಿರಿ. ಶಾಲೆ ಶುರುವಾದಾಗ ನನ್ನನ್ನೇ ಕೌನ್ಸೆಲರ್ ಮಾಡಿದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. "ಸರ್, ರಾತ್ರಿ ನಿದ್ದಿ ಬರಂಗಿಲ್ರಿ. ಯಾರೋ ಬೈದಂಗ ಕೇಳ್ತದ್ರಿ." ಬೇಗ ಏಳು, ಪ್ರಾಣಾಯಾಮ ಮಾಡು, ಪಾಸಿಟಿವ್ ಆಗಿ ಯೋಚಿಸು ಅಂದೆ. ನಾಲ್ಕು ತಿಂಗಳು ಅದನ್ನೇ ಅಂದೆ. ಆಮೇಲೆ ಅವಳು ಶಾಲೆಗೆ ಬರೋದೇ ನಿಂತಿತು.

ಅವರಪ್ಪ ಸಾಲ ಮಾಡಿ ಸೋಲಾಪುರಕ್ಕೆ ಕರೆದುಕೊಂಡು ಹೋದರು. ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಡಾಕ್ಟರ್ ಸಿಟ್ಟಾದರಂತೆ. ಅದಕ್ಕೆ ಆ ಮನುಷ್ಯ, "ನಮ್ ಮಾಸ್ತರ ನೋಡ್ಲಕತ್ತಿದ್ರು ಸಾಹೇಬ್ರ, ಅವರು ಕೋರ್ಸ್ ಮಾಡ್ಯಾರ" ಅಂದರಂತೆ. ಇದನ್ನು ಅವರೇ ನನಗೆ ಹೇಳಿದರು, ಕೈಮುಗಿದು.

ಹುಡುಗಿ ಈಗ ಔಷಧಿ ಮೇಲೆ ಪರವಾಗಿಲ್ಲ. ಲ್ಯಾಮಿನೇಷನ್ ಹರಿಯಲು ಹೋದೆ, ಹರಿಯಲಿಲ್ಲ. ಕತ್ತರಿ ಹಾಕಬೇಕಾಯಿತು.

ನಿನ್ನೆ ರಾತ್ರಿ ತಡೆಯಲಾಗದೆ ಆ ಬ್ಯಾನರಿನ ನಂಬರಿಗೆ ಫೋನ್ ಮಾಡಿದೆ. ಚೆನ್ನಾಗಿ ಬೈಯಬೇಕು ಅಂತಲೇ ಮಾಡಿದ್ದು. ಆ ಕಡೆ ಒಬ್ಬ ಹುಡುಗ ಎತ್ತಿದ. ಏನು ಕೆಲಸ ಮಾಡ್ತೀರಿ ಸರ್ ಅಂತ ಕೇಳಿದ. ಮಾಸ್ತರ್ ಅಂದೆ. "ಹಂಗಾದ್ರ ನಿಮಗ ಡಿಸ್ಕೌಂಟ್ ಅದ ಸರ್" ಅಂದ.