ಗುತ್ತಿಗೆಯ ಮಹಿಮೆ

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಬಗ್ಗೆ ಬ್ರಿಟನ್ ಮತ್ತು ಮಾರಿಷಸ್ ಮಾಡಿಕೊಂಡ ಗುತ್ತಿಗೆ ಒಪ್ಪಂದ ಮತ್ತೆ ಎಳೆದಾಟಕ್ಕೆ ಬಿದ್ದಿದೆ. 2025ರಲ್ಲಿ 'ಆಗಲಿ' ಅಂದಿದ್ದ ಟ್ರಂಪ್ ಸಾಹೇಬರು 2026ರ ಜನವರಿಯಲ್ಲಿ ಅದನ್ನೇ ಮಹಾ ದಡ್ಡತನ ಅಂದರು. ಪಾಪ, ಬ್ರಿಟನ್ ಪಾಡು ನೋಡಿ. 1965ರಲ್ಲಿ 30 ಲಕ್ಷ ಪೌಂಡ್ ಕೈಗಿಟ್ಟು ಮಾರಿಷಸ್‌ನಿಂದ ಕಿತ್ತುಕೊಂಡ ದ್ವೀಪಗಳನ್ನು ವಾಪಸ್ ಕೊಟ್ಟು, ಅದರಲ್ಲಿ ಡಿಯಾಗೋ ಗಾರ್ಸಿಯಾವನ್ನು 99 ವರ್ಷಕ್ಕೆ ತಾನೇ ಗುತ್ತಿಗೆ ಹಿಡಿಯಬೇಕು. ಮೊದಲ ಮೂರು ವರ್ಷ ವರ್ಷಕ್ಕೆ 16.5 ಕೋಟಿ ಪೌಂಡ್, ಮುಂದಿನ ಹತ್ತು ವರ್ಷ 12 ಕೋಟಿ, ಆಮೇಲೆ ಹಣದುಬ್ಬರ ನೋಡಿಕೊಂಡು. ಅಲ್ಲಿ ಸೇನಾ ನೆಲೆ ಕಟ್ಟಿ ಬಿಡಾರ ಹೂಡಿರುವ ಅಮೆರಿಕ ಎಷ್ಟು ಬಾಡಿಗೆ ಕೊಡುತ್ತೆ? ನಯಾಪೈಸೆ ಇಲ್ಲ. ಅಂದು ಬ್ರಿಟನ್‌ಗೆ ಮಾರಿದ ಪೊಲಾರಿಸ್ ಕ್ಷಿಪಣಿಗಳ ಬಿಲ್ಲಿನಲ್ಲಿ 1.4 ಕೋಟಿ ಡಾಲರ್ ಗುಟ್ಟಾಗಿ ಬಿಟ್ಟುಕೊಟ್ಟಿತ್ತಲ್ಲ, ಅಷ್ಟೇ. ಆಷಾಢದ ಡಿಸ್ಕೌಂಟಿಗೆ ದ್ವೀಪ ಹೋಯಿತು.

ಆಡಳಿತದ ಶಿಸ್ತನ್ನು ಮಾತ್ರ ಮೆಚ್ಚಬೇಕು. 1968ರಲ್ಲಿ ಸೀಶೆಲ್ಸ್ ಅಂಚೆಚೀಟಿಗಳ ಮೇಲೆ 'ಬಿ.ಐ.ಓ.ಟಿ.' (ಬ್ರಿಟಿಷ್ ಇಂಡಿಯನ್ ಓಷನ್ ಟೆರಿಟರಿ) ಅಂತ ಒತ್ತಿ ಹೊಸ ವಸಾಹತಿಗೆ ಸ್ಟಾಂಪು ರೆಡಿ ಮಾಡಿದರು. ಕಾಗದ ಬರೆಯುವ ಜನರನ್ನು ಖಾಲಿ ಮಾಡಿಸುವ ಏರ್ಪಾಡು ಅಷ್ಟರಲ್ಲಾಗಲೇ ಫೈಲಿನಲ್ಲಿತ್ತು. ಸೀಗಲ್ ಹಕ್ಕಿ ಬಿಟ್ಟರೆ ಮೂಲನಿವಾಸಿಗಳೇ ಇರಬಾರದು ಎಂದು 1966ರಲ್ಲಿ ಒಬ್ಬ ದೊರೆ ಟಿಪ್ಪಣಿ ಬರೆದ. ಹಕ್ಕಿಗಳ ಜೊತೆ ಒಂದಿಷ್ಟು 'ಟಾರ್ಜನ್'ಗಳೂ ಇದ್ದಾರಲ್ಲ ಎಂದು ಇನ್ನೊಬ್ಬ ಪೇಚಾಡಿದ. ತಲೆಮಾರುಗಳಿಂದ ಕೊಬ್ಬರಿ ಒಣಗಿಸುತ್ತಿದ್ದವರು ಕಡತದಲ್ಲಿ 'ಗುತ್ತಿಗೆ ಕಾರ್ಮಿಕ'ರಾದರು. ಗುತ್ತಿಗೆ ಮುಗೀತು, ಹೊರಡಿ.

ಆ ಅಂಚೆಚೀಟಿಯ ಮೊಮ್ಮಗನೇ ವೆಬ್ ವಿಳಾಸಗಳ ಕೊನೆಗೆ ಬರುವ 'ಡಾಟ್ ಐಓ'. ನಮ್ಮ ಕೋರಮಂಗಲದ ಸ್ಟಾರ್ಟಪ್ಪಿನವರು ಇನ್‌ಪುಟ್-ಔಟ್‌ಪುಟ್ ಅಂದುಕೊಂಡು ಕೊಳ್ಳುವ ಆ ಬಾಲ ಅಸಲಿಗೆ ಇಂಡಿಯನ್ ಓಷನ್. ವಸಾಹತು ಹೋದರೆ ಬಾಲವೂ ಉದುರಬಹುದು ಅಂತ ಸುದ್ದಿ ಬಂದದ್ದೇ ತಡ, ವೆಬ್‌ಸೈಟುಗಳ ಗತಿಯೇನು ಎಂದು ಎಷ್ಟು ಗಾಬರಿ! ದ್ವೀಪದವರ ಗತಿಯ ಬಗ್ಗೆ ಅದರ ಕಾಲುಭಾಗವೂ ಕಾಣೆ.

1971ರಲ್ಲಿ ದ್ವೀಪ ಖಾಲಿ ಮಾಡಿಸುವಾಗ ಮೊದಲ ಸರದಿ ನಾಯಿಗಳದ್ದು. ಗುಂಡು ಹೊಡೆದರು, ಮುಗಿಯಲಿಲ್ಲ. ವಿಷ ಇಟ್ಟರು, ಸಾಲಲಿಲ್ಲ. ಕೊನೆಗೆ ಮಾಂಸದ ಆಸೆ ತೋರಿಸಿ ಕೊಬ್ಬರಿ ಒಣಗಿಸುವ ಶೆಡ್ಡಿಗೆ ಕೂಡಿ, ಮಿಲಿಟರಿ ಗಾಡಿಗಳ ಹೊಗೆಯನ್ನು ಒಳಕ್ಕೆ ಬಿಟ್ಟರು. ಮನೆಮನೆಯಲ್ಲಿ ಸಾಕಿದ ನಾಯಿಗಳು ಅವು. ಇದಕ್ಕೆ ತಮಾಷೆ ಹೊಳೆಯುತ್ತಿಲ್ಲ, ಹೊಳೆಯುವುದೂ ಬೇಡ. 1973ರ ಹೊತ್ತಿಗೆ ಜನರನ್ನೂ ಹಡಗಿಗೆ ತುಂಬಿ ಮುಗಿಸಿದ್ದರು.

ಹೊಸ ಒಪ್ಪಂದದಲ್ಲಿ ಅವರು ಆಚೀಚೆಯ ದ್ವೀಪಗಳಿಗೆ ಹೋಗಿ ನೆಲೆಸಬಹುದಂತೆ, ಡಿಯಾಗೋ ಗಾರ್ಸಿಯಾದಲ್ಲಿ ಕೂಡದು. ಅಲ್ಲಿ ಸೈನಿಕರಿಗೆ ಬೇಯಿಸಿ ಹಾಕಿ ಪಾತ್ರೆ ತೊಳೆಯುವುದಕ್ಕೆ ಫಿಲಿಪ್ಪೀನ್ಸ್‌ನಿಂದ ಬಂದವರಿದ್ದಾರೆ. ಗುತ್ತಿಗೆ ಕಾರ್ಮಿಕರು.